ಶನಿವಾರದ ಗೇಮು ಎಷ್ಟು ಹೊತ್ತಿಗೆ? ಕಾಲೇಜ್ ಫುಟ್‌ಬಾಲಿನ ಟಿ.ವಿ. ಹಕ್ಕು, ಕಾನ್ಫರೆನ್ಸ್ ವಲಸೆ ಮತ್ತು ಅಮೆರಿಕದಲ್ಲಿರುವ ನಾವು

ನಮ್ಮ ಊರಿನ ಕನ್ನಡ ಸಂಘದ ಕಮಿಟಿ ಸಭೆ. ರಾಜ್ಯೋತ್ಸವಕ್ಕೆ ತಾರೀಕು ಗೊತ್ತು ಮಾಡಬೇಕಿತ್ತು. ಬೆಂಗಳೂರಿನಿಂದ ಬಂದು ಎರಡು ತಿಂಗಳೂ ಆಗದ ಹುಡುಗನೊಬ್ಬ, "ನವೆಂಬರ್ ಎರಡನೇ ಶನಿವಾರ ಇಟ್ಕೊಳ್ಳೋಣ" ಅಂದ. ಇಪ್ಪತ್ತು ವರ್ಷದಿಂದ ಸಂಘದ ಅಡುಗೆ ಉಸ್ತುವಾರಿ ನೋಡಿಕೊಂಡು ಬಂದ ಆಂಟಿ ತಕ್ಷಣ ಬೇಡ ಅಂದರು.

"ಅವತ್ತು ಹೋಮ್ ಗೇಮ್ ಇದೆ ಕಣಪ್ಪಾ. ಹಾಲ್ ಸಿಕ್ಕಿದ್ರೂ ಕಾರು ನಿಲ್ಲಿಸೋಕೆ ಜಾಗ ಸಿಗಲ್ಲ."

"ಎಷ್ಟು ಹೊತ್ತಿಗೆ ಆಂಟಿ ಗೇಮು? ಮಧ್ಯಾಹ್ನ ಮುಗಿದುಹೋದ್ರೆ ನಾವು ಸಂಜೆ ಇಟ್ಕೋಬಹುದಲ್ಲ?"

"ಅದು ಈಗ ಯಾರಿಗೂ ಗೊತ್ತಿಲ್ಲ. ಹತ್ತಿರ ಬಂದಾಗ ಹೇಳ್ತಾರೆ."

ಹುಡುಗನಿಗೆ ನಂಬಿಕೆ ಬರಲಿಲ್ಲ. ಹದಿನೈದು ವರ್ಷದ ಹಿಂದೆ ನನಗೂ ಬಂದಿರಲಿಲ್ಲ. ಗೇಮಿನ ತಾರೀಕು ವರ್ಷಗಟ್ಟಲೆ ಮುಂಚೆ ಗೊತ್ತಾಗಿರುತ್ತದೆ, ಟಿಕೆಟ್ ಖರ್ಚಾಗಿರುತ್ತದೆ, ಹೋಟೆಲ್ ರೂಮುಗಳು ತುಂಬಿರುತ್ತವೆ. ಆದರೆ ಆಟ ಮಧ್ಯಾಹ್ನ ಹನ್ನೆರಡಕ್ಕೋ, ಮೂರೂವರೆಗೋ, ರಾತ್ರಿ ಏಳೂವರೆಗೋ ಅನ್ನುವುದು ಹೆಚ್ಚಿನ ಗೇಮುಗಳಿಗೆ ಹನ್ನೆರಡು ದಿನ ಮುಂಚೆ ತೀರ್ಮಾನವಾಗುತ್ತದೆ. ಕೆಲವಕ್ಕೆ ಆರೇ ದಿನ ಮುಂಚೆ. ಯಾಕೆಂದರೆ ವೇಳೆ ನಿಗದಿ ಮಾಡುವ ಅಧಿಕಾರ ಯೂನಿವರ್ಸಿಟಿಯ ಕೈಯಲ್ಲಿಲ್ಲ. ಅದನ್ನು ಟಿ.ವಿ. ಚಾನೆಲ್‌ಗೆ ಮಾರಿಯಾಗಿದೆ.

ಈ ಒಂದು ವಿಷಯ ಹಿಡಿದುಕೊಂಡರೆ ಅಮೆರಿಕದ ಕಾಲೇಜ್ ಫುಟ್‌ಬಾಲ್ ಅರ್ಥವಾಗತೊಡಗುತ್ತದೆ. ಆಟದ ನಿಯಮಗಳನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ಆಟದ ಹಿಂದಿರುವ ಕರಾರಿನ ಬಗ್ಗೆ. ಫುಟ್‌ಬಾಲ್ ನೋಡದವರಿಗೂ ಇದು ಗೊತ್ತಿರಬೇಕು. ನಿಮ್ಮ ತಿಂಗಳ ಟಿ.ವಿ. ಬಿಲ್ಲು, ನಿಮ್ಮೂರಿನ ಶನಿವಾರ, ನಾಳೆ ನಿಮ್ಮ ಮಗಳು ಈಜಿನಲ್ಲೋ ಟೆನಿಸ್‌ನಲ್ಲೋ ಸ್ಕಾಲರ್‌ಶಿಪ್ ಪಡೆದು ಸೇರುವ ಕಾಲೇಜು, ಎಲ್ಲದಕ್ಕೂ ಇದರ ನಂಟಿದೆ.

ಶನಿವಾರ ಯಾಕೆ, ಕಾನ್ಫರೆನ್ಸ್ ಎಂದರೆ ಏನು

ದೊಡ್ಡ ಮಟ್ಟದ ಕಾಲೇಜ್ ಫುಟ್‌ಬಾಲ್ ಆಡುವ ಯೂನಿವರ್ಸಿಟಿಗಳು ನೂರಾ ಮೂವತ್ತಕ್ಕೂ ಹೆಚ್ಚು. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಪ್ರತಿ ತಂಡಕ್ಕೆ ಹನ್ನೆರಡು ಗೇಮು. ಅದರಲ್ಲಿ ಆರೋ ಏಳೋ ತವರಿನಲ್ಲಿ. ಮಿಷಿಗನ್ ಯೂನಿವರ್ಸಿಟಿಯ ಸ್ಟೇಡಿಯಮ್ಮಿನಲ್ಲಿ 1,07,601 ಜನ ಕೂರಬಹುದು. ಎರಡೂವರೆ ಚಿನ್ನಸ್ವಾಮಿ ಅನ್ನಿ. ಅಷ್ಟು ಜನ ಒಂದು ಸಾಧಾರಣ ಊರಿಗೆ ಒಂದೇ ದಿನ ಬಂದಿಳಿದರೆ ಏನಾಗುತ್ತದೆ ಎಂದು ಆಂಟಿಗೆ ಚೆನ್ನಾಗಿ ಗೊತ್ತು.

ಶನಿವಾರವೇ ಯಾಕೆ ಎಂಬುದಕ್ಕೆ ಸಂಪ್ರದಾಯದ ಜೊತೆಗೆ ಕಾನೂನೂ ಇದೆ. 1961ರಲ್ಲಿ ಅಮೆರಿಕದ ಸಂಸತ್ತು ಕ್ರೀಡಾ ಪ್ರಸಾರದ ಬಗ್ಗೆ ಕಾಯ್ದೆ ಮಾಡಿತು. ವೃತ್ತಿಪರ ಎನ್‌ಎಫ್‌ಎಲ್ ತನ್ನ ಎಲ್ಲ ತಂಡಗಳ ಪ್ರಸಾರ ಹಕ್ಕನ್ನು ಒಟ್ಟುಗೂಡಿಸಿ ಮಾರಬಹುದು ಎಂದು ಅದು ಅನುಮತಿ ಕೊಟ್ಟಿತು. ಬದಲಿಗೆ ಸೆಪ್ಟೆಂಬರ್ ಎರಡನೇ ವಾರದಿಂದ ಡಿಸೆಂಬರ್ ಎರಡನೇ ವಾರದವರೆಗೆ ಶುಕ್ರವಾರ ಸಂಜೆಯನ್ನೂ ಶನಿವಾರವನ್ನೂ ಹೈಸ್ಕೂಲು, ಕಾಲೇಜುಗಳಿಗೆ ಬಿಟ್ಟುಕೊಡಬೇಕಾಯಿತು. ಡಿಸೆಂಬರ್ ಮಧ್ಯದ ನಂತರ ಎನ್‌ಎಫ್‌ಎಲ್ ಇದ್ದಕ್ಕಿದ್ದಂತೆ ಶನಿವಾರ ಕಾಣಿಸಿಕೊಳ್ಳುವುದು ಇದಕ್ಕೇ.

ಇನ್ನು ಕಾನ್ಫರೆನ್ಸ್. ಹುಟ್ಟಿದಾಗ ಇದು ನೆರೆಹೊರೆಯವರ ಕೂಟ. ರೈಲಿನಲ್ಲಿ ಹೋಗಿ ಆಡಿ ಬರಬಹುದಾದಷ್ಟು ದೂರದ ಯೂನಿವರ್ಸಿಟಿಗಳು ಸೇರಿ, ನಿಯಮ ಮಾಡಿಕೊಂಡು, ವರ್ಷಾವರ್ಷ ಪರಸ್ಪರ ಆಡುವುದು. ಬಿಗ್ ಟೆನ್ 1896ರಷ್ಟು ಹಳೆಯದು, ಷಿಕಾಗೋ ಸುತ್ತಲಿನದು. 1915ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಪೆಸಿಫಿಕ್ ಕರಾವಳಿಯ ನಾಲ್ಕು ಯೂನಿವರ್ಸಿಟಿಗಳು ಸೇರಿ ಕಟ್ಟಿಕೊಂಡ ಕೂಟದ ಪರಂಪರೆಯೇ ಮುಂದೆ ಪ್ಯಾಕ್-12 ಆಯಿತು. ಆ ನಾಲ್ಕರಲ್ಲಿ ಒಂದು ಈಗಿನ ಆರೆಗಾನ್ ಸ್ಟೇಟ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹೆಸರು ನೋಡಿ ಭೂಗೋಳ ಊಹಿಸುವ ಕಾಲ ಈಗ ಹೋಗಿದೆ. ಬಿಗ್ ಟೆನ್‌ನಲ್ಲಿ ಹದಿನೆಂಟು ಯೂನಿವರ್ಸಿಟಿ ಇವೆ, ನ್ಯೂಜೆರ್ಸಿಯಿಂದ ಲಾಸ್ ಏಂಜಲೀಸ್‌ವರೆಗೆ. ಬಿಗ್ 12ರಲ್ಲಿ ಹದಿನಾರು. ಅಟ್ಲಾಂಟಿಕ್ ಕರಾವಳಿಯ ಹೆಸರು ಹೊತ್ತ ಎಸಿಸಿಯಲ್ಲಿ ಪೆಸಿಫಿಕ್ ದಂಡೆಯ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಇವೆ. ಕಾನ್ಫರೆನ್ಸ್ ಎಂದರೆ ಇವತ್ತು ಒಟ್ಟಾಗಿ ಟಿ.ವಿ. ಹಕ್ಕು ಮಾರುವ ಗುಂಪು. ಜೊತೆಯಾಗಿ ಆಡುವುದು ಅದರ ನಂತರದ ಮಾತು.

1984ರ ತೀರ್ಪು

ಬಿಸಿಸಿಐ ಐಪಿಎಲ್ ಹಕ್ಕು ಮಾರುವುದು ನಮಗೆಲ್ಲ ಗೊತ್ತು. 2023ರಿಂದ 2027ರವರೆಗಿನ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಮಾರುವವರು ಒಬ್ಬರೇ. ಆರ್‌ಸಿಬಿ ತನ್ನ ಪಂದ್ಯಗಳನ್ನು ಬೇರೆಯಾಗಿ ಮಾರಿಕೊಳ್ಳುವಂತಿಲ್ಲ.

ಒಂದು ಕಾಲಕ್ಕೆ ಕಾಲೇಜ್ ಫುಟ್‌ಬಾಲಿನಲ್ಲೂ ಹೀಗೇ ಇತ್ತು. ಟಿ.ವಿ.ಯಲ್ಲಿ ಪುಕ್ಕಟೆ ತೋರಿಸಿದರೆ ಸ್ಟೇಡಿಯಮ್ಮಿಗೆ ಜನ ಬರುವುದಿಲ್ಲ ಎಂಬ ಭಯದಿಂದ 1950ರ ದಶಕದ ಆರಂಭದಲ್ಲೇ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಪ್ರಸಾರದ ಮೇಲೆ ಹಿಡಿತ ಸಾಧಿಸಿತ್ತು. ಯಾವ ಗೇಮು ಟಿ.ವಿ.ಯಲ್ಲಿ ಬರಬೇಕು, ಒಂದು ಕಾಲೇಜು ಎಷ್ಟು ಸಲ ಕಾಣಿಸಬಹುದು, ಎಲ್ಲ ಅದರದ್ದೇ ಲೆಕ್ಕ. 1980ರ ದಶಕದ ಆರಂಭದ ಯೋಜನೆಯಲ್ಲಿ ಎರಡು ವರ್ಷದಲ್ಲಿ ಒಂದು ಕಾಲೇಜಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಆರು ಪ್ರಸಾರ.

ದೊಡ್ಡ ತಂಡಗಳಿಗೆ ಇದು ಸಹನೆಯಾಗಲಿಲ್ಲ. ಕೋರ್ಟಿನ ದಾಖಲೆಯಲ್ಲಿ ಒಂದು ಉದಾಹರಣೆ ಇದೆ. 1981ರ ಒಂದು ಶನಿವಾರ ಓಕ್ಲಹೋಮಾ ಮತ್ತು ಯುಎಸ್‌ಸಿ ನಡುವಿನ ಗೇಮು ಇನ್ನೂರಕ್ಕೂ ಹೆಚ್ಚು ಸ್ಟೇಷನ್‌ಗಳಲ್ಲಿ ಪ್ರಸಾರವಾಯಿತು. ಎರಡೂ ದೇಶದ ಮೊದಲ ಐದು ತಂಡಗಳಲ್ಲಿದ್ದವು. ಅದೇ ವಾರಾಂತ್ಯ ಸಿಟಡೆಲ್ ಮತ್ತು ಅಪಲಾಚಿಯನ್ ಸ್ಟೇಟ್ ಆಡಿದ ಗೇಮು ನಾಲ್ಕೇ ಸ್ಟೇಷನ್‌ಗಳಲ್ಲಿ ಬಂತು. ನಾಲ್ಕೂ ಕಾಲೇಜುಗಳಿಗೆ ಸಿಕ್ಕ ಹಣ ಮಾತ್ರ ಸಮ.

ಓಕ್ಲಹೋಮಾ ಮತ್ತು ಜಾರ್ಜಿಯಾ ಯೂನಿವರ್ಸಿಟಿಗಳು ಕೋರ್ಟಿಗೆ ಹೋದವು. 1984ರಲ್ಲಿ ಸುಪ್ರೀಂ ಕೋರ್ಟ್ ಏಳು–ಎರಡರ ಬಹುಮತದಲ್ಲಿ ತೀರ್ಪು ಕೊಟ್ಟಿತು: ಎನ್‌ಸಿಎಎ ಮಾಡುತ್ತಿರುವುದು ಏಕಸ್ವಾಮ್ಯ ವಿರೋಧಿ ಕಾನೂನಿನ ಉಲ್ಲಂಘನೆ, ಹಕ್ಕು ಕಾಲೇಜುಗಳದ್ದು. ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಸ್ವತಃ ಕೊಲರಾಡೋ ಯೂನಿವರ್ಸಿಟಿಯಲ್ಲಿ ಹೆಸರಾಂತ ಫುಟ್‌ಬಾಲ್ ಆಟಗಾರರಾಗಿದ್ದವರು. ಕಾಲೇಜು ಕ್ರೀಡೆಯನ್ನು ಬರೀ ವ್ಯಾಪಾರದ ಕಣ್ಣಿನಿಂದ ಅಳೆಯಬಾರದು ಎಂಬುದು ಅವರ ವಾದದ ತಿರುಳು. ನಲವತ್ತು ವರ್ಷದ ನಂತರ ಅದನ್ನು ಓದಿದರೆ ಮನಸ್ಸು ಭಾರವಾಗುತ್ತದೆ. ಆದರೆ ಬಹುಮತದ ತೀರ್ಪೂ ತಪ್ಪಲ್ಲ ಎಂದೇ ನನಗನ್ನಿಸುತ್ತದೆ. ಯಾರದೋ ಆಟವನ್ನು ಇನ್ಯಾರೋ ಬೀಗ ಹಾಕಿ ಇಡುವುದು ಸರಿಯಿರಲಿಲ್ಲ. ತೊಂದರೆ ಆದದ್ದು ಹಳೆಯ ಬೀಗ ಒಡೆದ ಮೇಲೆ ಹೊಸ ವ್ಯವಸ್ಥೆಯನ್ನು ಯಾರೂ ಕಟ್ಟದೆ ಹೋದದ್ದರಿಂದ. ಕಾಲೇಜುಗಳ ಹಿತವನ್ನೆಲ್ಲ ಒಟ್ಟಿಗೆ ನೋಡುವ ಮಾರಾಟಗಾರ ಅಂದಿನಿಂದ ಇಲ್ಲ. ಪ್ರತಿ ಕಾನ್ಫರೆನ್ಸೂ ತನ್ನ ಗಂಟು ನೋಡಿಕೊಳ್ಳಬೇಕು.

ಕೆಲವು ವರ್ಷ ಅರವತ್ತಕ್ಕೂ ಹೆಚ್ಚು ಕಾಲೇಜುಗಳು ಇನ್ನೊಂದು ಕೂಟದ ಮೂಲಕ ಒಟ್ಟಾಗಿ ಮಾರಿದವು. 1990ರಲ್ಲಿ ನೋಟ್ರ ಡೇಮ್ ಅದನ್ನು ಬಿಟ್ಟು ತನ್ನ ತವರಿನ ಗೇಮುಗಳನ್ನು ಎನ್‌ಬಿಸಿ ಚಾನೆಲ್ಲಿಗೆ ಕೊಟ್ಟಿತು. ಇಡೀ ದೇಶದ ಕ್ಯಾಥಲಿಕ್ಕರ ಅಭಿಮಾನವಿದ್ದ ಆ ಯೂನಿವರ್ಸಿಟಿಗೆ ಕಾನ್ಫರೆನ್ಸಿನ ಹಂಗು ಬೇಕಿರಲಿಲ್ಲ. ಇಂದಿಗೂ ಫುಟ್‌ಬಾಲಿನಲ್ಲಿ ಅದು ಯಾವ ಕಾನ್ಫರೆನ್ಸಿಗೂ ಸೇರಿಲ್ಲ. ದಕ್ಷಿಣ ರಾಜ್ಯಗಳ ಕಾನ್ಫರೆನ್ಸ್ ಆದ ಎಸ್‌ಇಸಿ ಹನ್ನೆರಡು ತಂಡಗಳಿಗೆ ಬೆಳೆದು, 1992ರಲ್ಲಿ ಎರಡು ವಿಭಾಗದ ವಿಜೇತರ ನಡುವೆ ಫೈನಲ್ ಆಡಿಸಿತು. ಟಿ.ವಿ.ಗೆ ಮಾರಲು ಒಂದು ದೊಡ್ಡ ಗೇಮು ಹೆಚ್ಚಿಗೆ ಸಿಕ್ಕಿತು. 1996ರಲ್ಲಿ ಟೆಕ್ಸಾಸಿನ ಸುತ್ತಮುತ್ತ ಬೆಳೆದ ಹಳೆಯ ಸೌತ್‌ವೆಸ್ಟ್ ಕಾನ್ಫರೆನ್ಸ್ ಮುಚ್ಚಿಹೋಯಿತು. ಅದರ ನಾಲ್ಕು ತಂಡಗಳು ಬಿಗ್ ಎಯ್ಟ್ ಎಂಬ ಕಾನ್ಫರೆನ್ಸ್ ಜೊತೆ ಸೇರಿ ಬಿಗ್ 12 ಆದವು. ಉಳಿದ ನಾಲ್ಕು ತಮ್ಮ ದಾರಿ ತಾವು ನೋಡಿಕೊಂಡವು.

ನಿಮ್ಮ ಬಿಲ್ಲಿನಲ್ಲಿರುವ ಫುಟ್‌ಬಾಲ್

ವಲಸೆಯ ನಿಜವಾದ ಕಾರಣ ಕೇಬಲ್ ಬಿಲ್ಲಿನಲ್ಲಿದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕ್ರಿಕೆಟ್ ನೋಡಬೇಕಾದವರು ವಿಲ್ಲೋ ಚಾನೆಲ್‌ಗೆ ಚಂದಾ ಕಟ್ಟುತ್ತಾರೆ, ಬೇಡದವರು ಕಟ್ಟುವುದಿಲ್ಲ. ಅಮೆರಿಕದ ಕೇಬಲ್ ಪ್ಯಾಕೇಜು ಹೀಗೆ ನಡೆಯುವುದಿಲ್ಲ. ಇಎಸ್‌ಪಿಎನ್‌ನಂಥ ಚಾನೆಲ್ಲು ಸಾಮಾನ್ಯ ಪ್ಯಾಕೇಜಿನಲ್ಲೇ ಸೇರಿರುತ್ತದೆ. ಮನೆಯೊಂದಕ್ಕೆ ತಿಂಗಳಿಗೆ ಇಷ್ಟು ಡಾಲರ್ ಎಂದು ಕೇಬಲ್ ಕಂಪನಿ ಚಾನೆಲ್ಲಿಗೆ ಕೊಡುತ್ತದೆ, ಅದನ್ನು ನಿಮ್ಮ ಬಿಲ್ಲಿಗೆ ಸೇರಿಸುತ್ತದೆ. ನೀವು ಅಡುಗೆ ಕಾರ್ಯಕ್ರಮ ಮಾತ್ರ ನೋಡಿದರೂ ಅಷ್ಟೇ. ಆಟವನ್ನೇ ನೋಡದ ಕೋಟ್ಯಂತರ ಮನೆಗಳ ಹಣ ಆಟದ ಕಡೆಗೆ ಹರಿಯುತ್ತದೆ.

2007ರಲ್ಲಿ ಬಿಗ್ ಟೆನ್ ತನ್ನದೇ ಚಾನೆಲ್ ಶುರುಮಾಡಿತು. ತನ್ನ ಯೂನಿವರ್ಸಿಟಿಗಳಿರುವ ರಾಜ್ಯಗಳಲ್ಲಿ ಆ ಚಾನೆಲ್ಲು ಸಾಮಾನ್ಯ ಪ್ಯಾಕೇಜಿಗೆ ಸೇರುವುದು ಸುಲಭ, ಮನೆಯೊಂದರ ದರವೂ ಹೆಚ್ಚು. ಬೇರೆ ರಾಜ್ಯಗಳಲ್ಲಿ ಎರಡೂ ಕಡಿಮೆ. ಹಾಗಾದರೆ ಆದಾಯ ಬೆಳೆಸುವ ದಾರಿ ಯಾವುದು? ಹೆಚ್ಚು ಮನೆಗಳಿರುವ ರಾಜ್ಯದಿಂದ ಒಂದು ಯೂನಿವರ್ಸಿಟಿಯನ್ನು ಕರೆತರುವುದು. 2014ರಲ್ಲಿ ರಟ್ಗರ್ಸ್ ಮತ್ತು ಮೇರಿಲ್ಯಾಂಡ್ ಬಿಗ್ ಟೆನ್ ಸೇರಿದವು. ಫುಟ್‌ಬಾಲಿನಲ್ಲಿ ರಟ್ಗರ್ಸ್ ಅಂಥ ದೊಡ್ಡ ಹೆಸರಾಗಿರಲಿಲ್ಲ. ಆದರೆ ಅದು ಇರುವುದು ನ್ಯೂಜೆರ್ಸಿಯಲ್ಲಿ, ನ್ಯೂಯಾರ್ಕ್ ನಗರದ ಪಕ್ಕ. ಮೇರಿಲ್ಯಾಂಡ್ ಇರುವುದು ವಾಷಿಂಗ್ಟನ್ ಅಂಚಿನಲ್ಲಿ. ಎಡಿಸನ್‌ನಲ್ಲೋ ಕಾಲೇಜ್ ಪಾರ್ಕ್‌ನಲ್ಲೋ ಆಗ ಕೇಬಲ್ ಇಟ್ಟುಕೊಂಡಿದ್ದ ಕನ್ನಡಿಗರ ಮನೆಗಳೂ ಈ ಲೆಕ್ಕದಲ್ಲಿ ತಲೆಗೊಂದಾಗಿ ಸೇರಿದವು.

ಅದೇ ಅವಧಿಯಲ್ಲಿ ನೆಬ್ರಾಸ್ಕಾ ಬಿಗ್ ಟೆನ್‌ಗೆ ಹೋಯಿತು, ಕೊಲರಾಡೋ ಪ್ಯಾಕ್-12ಕ್ಕೆ, ಟೆಕ್ಸಾಸ್ ಎ ಆ್ಯಂಡ್ ಎಂ ಮತ್ತು ಮಿಸೂರಿ ಎಸ್‌ಇಸಿಗೆ. ಟೆಕ್ಸಾಸ್ ಯೂನಿವರ್ಸಿಟಿ ಇಎಸ್‌ಪಿಎನ್ ಜೊತೆ ಇಪ್ಪತ್ತು ವರ್ಷಕ್ಕೆ 30 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ತನಗಷ್ಟೇ ಒಂದು ಚಾನೆಲ್ ಮಾಡಿಕೊಂಡಿತು. ಒಂದೇ ಮನೆಯಲ್ಲಿ ಒಬ್ಬನಿಗೆ ಮಾತ್ರ ಬೇರೆ ಒಲೆ ಹಚ್ಚಿಕೊಟ್ಟ ಹಾಗೆ. ಜೊತೆಗಿದ್ದವರಿಗೆ ಅದು ಹಿತವಾಗಲಿಲ್ಲ.

ಈ ಓಡಾಟ ತಡೆಯಲು ಕಾನ್ಫರೆನ್ಸ್‌ಗಳು ಹಕ್ಕು ಒಪ್ಪಿಸುವ ಕರಾರು ಬರೆಸಿಕೊಂಡವು. ನೀವು ಯೂನಿವರ್ಸಿಟಿ ಎಂದುಕೊಳ್ಳಿ. ನಿಮ್ಮ ತವರಿನ ಗೇಮುಗಳ ಟಿ.ವಿ. ಹಕ್ಕನ್ನು ಇಂತಿಷ್ಟು ವರ್ಷಕ್ಕೆ ಕಾನ್ಫರೆನ್ಸಿಗೆ ಬರೆದುಕೊಡುತ್ತೀರಿ. ನಡುವೆ ನೀವು ಬಿಟ್ಟು ಹೋಗಬಹುದು, ಆದರೆ ಹಕ್ಕು ಅಲ್ಲೇ ಉಳಿಯುತ್ತದೆ. ಜಮೀನಿನ ಪತ್ರ ಅಡವಿಟ್ಟು ಊರು ಬಿಟ್ಟಂತೆ. ಹೊಸ ಕಾನ್ಫರೆನ್ಸಿಗೆ ಹಕ್ಕಿಲ್ಲದ ತಂಡ ಯಾಕೆ ಬೇಕು? 2021ರ ಜುಲೈನಲ್ಲಿ ಎಸ್‌ಇಸಿ ಸೇರುವುದಾಗಿ ತೀರ್ಮಾನಿಸಿದ ಟೆಕ್ಸಾಸ್ ಮತ್ತು ಓಕ್ಲಹೋಮಾ, ಬಿಗ್ 12ರ ಈ ಕರಾರಿನಿಂದ ಒಂದು ವರ್ಷ ಮುಂಚೆ ಬಿಡಿಸಿಕೊಳ್ಳಲು ಇಬ್ಬರೂ ಸೇರಿ 10 ಕೋಟಿ ಡಾಲರ್ ಬಿಟ್ಟುಕೊಡಬೇಕಾಯಿತು. 2024ರ ಜುಲೈಗೆ ಹೊಸ ಮನೆ ಹೊಕ್ಕರು. ಅಲ್ಲಿ ಎಸ್‌ಇಸಿಯ ಎಲ್ಲ ಹಕ್ಕೂ ಎಬಿಸಿ ಮತ್ತು ಇಎಸ್‌ಪಿಎನ್ ಪಾಲಾಗಿತ್ತು. ಹಿಂದೆ ಸಿಬಿಎಸ್ ವರ್ಷಕ್ಕೆ ಸುಮಾರು 5.5 ಕೋಟಿ ಡಾಲರ್ ಕೊಡುತ್ತಿದ್ದ ಗೇಮುಗಳಿಗೆ ಹೊಸ ಬೆಲೆ ವರ್ಷಕ್ಕೆ ಸುಮಾರು 30 ಕೋಟಿ ಡಾಲರ್ ಎಂದು ಪತ್ರಿಕೆಗಳು ವರದಿ ಮಾಡಿದವು.

ಒಂದು ಶುಕ್ರವಾರ ಬೆಳಿಗ್ಗೆ ಮುರಿದ ಮನೆ

ನನ್ನನ್ನು ಇಂದಿಗೂ ಕಾಡುವುದು ಪ್ಯಾಕ್-12ರ ಕಥೆ.

ಪಶ್ಚಿಮದ ಈ ಕಾನ್ಫರೆನ್ಸ್ 2011ರಲ್ಲಿ ಇಎಸ್‌ಪಿಎನ್ ಮತ್ತು ಫಾಕ್ಸ್ ಜೊತೆ ಹನ್ನೆರಡು ವರ್ಷಕ್ಕೆ ಸುಮಾರು 300 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಾಗ ಎಲ್ಲರಿಗಿಂತ ಮುಂದಿತ್ತು. ಮರುವರ್ಷ ಸ್ವಂತ ಚಾನೆಲ್ ತೆರೆಯಿತು. ಉಳಿದವರು ಫಾಕ್ಸ್ ಜೊತೆಗೋ ಇಎಸ್‌ಪಿಎನ್ ಜೊತೆಗೋ ಕೂಡಿ ಚಾನೆಲ್ ಮಾಡಿದರೆ, ಇವರು ಪೂರ್ತಿ ತಮ್ಮದೇ ಇರಲಿ ಎಂದರು. ಕೇಬಲ್ ಕಂಪನಿಗಳ ಜೊತೆ ಜಗ್ಗಾಡಲು ಬಲವಿರುವ ಪಾಲುದಾರನಿಲ್ಲದೆ, ಡೈರೆಕ್‌ಟಿವಿಯಂಥ ದೊಡ್ಡ ಸಂಸ್ಥೆ ಆ ಚಾನೆಲ್ಲನ್ನು ತೋರಿಸಲೇ ಇಲ್ಲ. ಇನ್ನೊಂದು ಕಷ್ಟ ಗಡಿಯಾರದ್ದು. ಪಶ್ಚಿಮದಲ್ಲಿ ರಾತ್ರಿ ಏಳೂವರೆಗೆ ಶುರುವಾದ ಗೇಮು ನ್ಯೂಯಾರ್ಕಿನವರಿಗೆ ಹತ್ತೂವರೆ. ಮುಗಿಯುವ ಹೊತ್ತಿಗೆ ದೇಶದ ಅರ್ಧ ಮಲಗಿರುತ್ತದೆ.

2022ರ ಜೂನ್ 30ರಂದು ಲಾಸ್ ಏಂಜಲೀಸಿನ ಯುಎಸ್‌ಸಿ ಮತ್ತು ಯುಸಿಎಲ್‌ಎ ಬಿಗ್ ಟೆನ್‌ಗೆ ಹೋಗುವುದಾಗಿ ಪ್ರಕಟಿಸಿದವು. ಏಳು ವಾರ ಕಳೆದು ಆಗಸ್ಟಿನಲ್ಲಿ ಬಿಗ್ ಟೆನ್ ಫಾಕ್ಸ್, ಸಿಬಿಎಸ್, ಎನ್‌ಬಿಸಿಗಳ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮಿಕ್ಕಿದ ಒಪ್ಪಂದ ಮಾಡಿಕೊಂಡಿತು. ಪ್ಯಾಕ್-12ರ ಒಪ್ಪಂದ ಮುಗಿಯುತ್ತ ಬಂದಿತ್ತು. ಹೊಸದಕ್ಕೆ ಚೌಕಾಶಿ ನಡೆಯುತ್ತಿರುವಾಗಲೇ, ಅಕ್ಟೋಬರಿನಲ್ಲಿ ಬಿಗ್ 12 ಮುಂದೆ ನುಗ್ಗಿ ಇಎಸ್‌ಪಿಎನ್ ಮತ್ತು ಫಾಕ್ಸ್ ಜೊತೆ ಆರು ವರ್ಷಕ್ಕೆ 228 ಕೋಟಿ ಡಾಲರಿಗೆ ಒಪ್ಪಿಬಿಟ್ಟಿತು. ಕೊಳ್ಳುವವರ ಚೀಲದಲ್ಲಿದ್ದದ್ದು ಬೇರೆಯವರ ಪಾಲಾಯಿತು.

ಕೊನೆಗೆ 2023ರ ಆಗಸ್ಟ್ ಮೊದಲ ವಾರ ಆ್ಯಪಲ್ ಕಂಪನಿಯ ಪ್ರಸ್ತಾಪ ಬಂತು. ಗೇಮುಗಳೆಲ್ಲ ಸ್ಟ್ರೀಮಿಂಗ್‌ನಲ್ಲಿ, ಚಂದಾದಾರರು ಹೆಚ್ಚಿದಂತೆ ಹಣ ಹೆಚ್ಚು. ಅಷ್ಟರಲ್ಲಿ ಕೊಲರಾಡೋ ಆಗಲೇ ಬಿಗ್ 12ಕ್ಕೆ ಹೊರಟಿತ್ತು. ಆಗಸ್ಟ್ 4, ಶುಕ್ರವಾರ ಬೆಳಿಗ್ಗೆ ಉಳಿದವರು ಸಹಿ ಹಾಕಲು ಸಭೆ ಸೇರಬೇಕಿತ್ತು. ಅವತ್ತೇ ಆರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್ ಸೇರಿದವು. ಆರಿಜೋನಾ, ಆರಿಜೋನಾ ಸ್ಟೇಟ್, ಯೂಟಾ ಬಿಗ್ 12 ಸೇರಿದವು. ತಿಂಗಳ ನಂತರ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಎಸಿಸಿಗೆ ಹೋದವು, ಅದೂ ಹಲವು ವರ್ಷ ಕಡಿಮೆ ಪಾಲಿಗೆ ಒಪ್ಪಿಕೊಂಡು. ಅವುಗಳ ಜೊತೆಗೇ ಎಸಿಸಿ ಸೇರಿದ ಡಲ್ಲಸ್‌ನ ಎಸ್‌ಎಂಯು ಒಂಬತ್ತು ವರ್ಷ ಟಿ.ವಿ. ಹಣವೇ ಬೇಡ ಎಂದಿತು. ಒಳಗೆ ಜಾಗ ಸಿಕ್ಕರೆ ಸಾಕು ಅನ್ನುವ ಸ್ಥಿತಿ.

ಉಳಿದದ್ದು ಇಬ್ಬರು. ಕೊರ್ವಾಲಿಸ್ ಊರಿನ ಆರೆಗಾನ್ ಸ್ಟೇಟ್, 1915ರಲ್ಲಿ ಆ ಮನೆಗೆ ಪಾಯ ಹಾಕಿದ್ದವರಲ್ಲೊಬ್ಬರು. ಮತ್ತು ಗೋಧಿ ಹೊಲಗಳ ನಡುವಿನ ಪುಲ್‌ಮನ್ ಊರಿನ ವಾಷಿಂಗ್ಟನ್ ಸ್ಟೇಟ್. ಎರಡೂ ಕೃಷಿ, ಎಂಜಿನಿಯರಿಂಗ್ ಕಲಿಸಲು ಸರ್ಕಾರ ಭೂಮಿ ಕೊಟ್ಟು ಕಟ್ಟಿಸಿದ ಯೂನಿವರ್ಸಿಟಿಗಳು. ಸುತ್ತ ದೊಡ್ಡ ನಗರವಿಲ್ಲ, ಟಿ.ವಿ. ಲೆಕ್ಕಕ್ಕೆ ಬೇಕಾದಷ್ಟು ಮನೆಗಳಿಲ್ಲ. ಅವರು ಮಾಡಿದ ತಪ್ಪು ಯಾವುದೂ ಇಲ್ಲ. ಕೋರ್ಟಿಗೆ ಹೋಗಿ ಕಾನ್ಫರೆನ್ಸಿನ ಆಡಳಿತದ ಹಿಡಿತವನ್ನು ಗೆದ್ದುಕೊಂಡರು. ಎರಡೇ ತಂಡ ಇಟ್ಟುಕೊಂಡು ಎರಡು ಸೀಸನ್ ಕಳೆದರು. ಬಾಯ್ಸಿ ಸ್ಟೇಟ್, ಸ್ಯಾನ್ ಡಿಯಾಗೋ ಸ್ಟೇಟ್, ಕೊಲರಾಡೋ ಸ್ಟೇಟ್ ಮೊದಲಾದವರನ್ನು ಒಪ್ಪಿಸಿ 2026ರ ಜುಲೈನಿಂದ ಮತ್ತೆ ಮನೆ ಕಟ್ಟುವ ಏರ್ಪಾಡು ಮಾಡಿಕೊಂಡರು. ಒಂದು ನೂರು ವರ್ಷ ಪಕ್ಕದಲ್ಲಿ ಕೂತು ಉಂಡವರು ಒಂದು ಬೆಳಿಗ್ಗೆ ಎದ್ದು ಹೋದ ಮೇಲೂ ಎಲೆ ಮಡಚದೆ ಕೂತ ಈ ಇಬ್ಬರ ಬಗ್ಗೆ ನನಗೆ ತುಂಬ ಗೌರವ. ಆ ಊರುಗಳಲ್ಲಿ ಓದುತ್ತಿರುವ ನಮ್ಮ ಹುಡುಗರಿದ್ದರೆ ಒಂದು ಗೇಮಿಗಾದರೂ ಹೋಗಿ ಬನ್ನಿ ಎಂದು ಕೇಳಿಕೊಳ್ಳುತ್ತೇನೆ.

ಯಾವ ಗೇಮು ಎಲ್ಲಿ ಬರುತ್ತದೆ

ಒಂದೇ ಸೂತ್ರ ಸಾಕು: ತವರಿನ ತಂಡ ಯಾವ ಕಾನ್ಫರೆನ್ಸೋ, ಆ ಕಾನ್ಫರೆನ್ಸಿನ ಚಾನೆಲ್ಲು. 2025ರ ಆಗಸ್ಟ್ 30ರಂದು ಟೆಕ್ಸಾಸ್ ತಂಡ ಒಹಾಯೋ ಸ್ಟೇಟ್‌ಗೆ ಹೋಗಿ ಆಡಿತು. ಟೆಕ್ಸಾಸ್ ಇರುವ ಎಸ್‌ಇಸಿ ಇಎಸ್‌ಪಿಎನ್ ಬಳಗದ್ದು. ಆದರೂ ಗೇಮು ಬಂದದ್ದು ಫಾಕ್ಸ್‌ನಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ. ಆತಿಥೇಯರು ಬಿಗ್ ಟೆನ್‌ನವರು.

ಬಿಗ್ ಟೆನ್‌ನ ದೊಡ್ಡ ಗೇಮುಗಳು ಪೂರ್ವದ ವೇಳೆಯಲ್ಲಿ ಮಧ್ಯಾಹ್ನ ಫಾಕ್ಸ್, ಮೂರೂವರೆಗೆ ಸಿಬಿಎಸ್, ರಾತ್ರಿ ಎನ್‌ಬಿಸಿ. ಕೆಲವು ಪೀಕಾಕ್ ಆ್ಯಪ್‌ನಲ್ಲಿ ಮಾತ್ರ. ಎಸ್‌ಇಸಿಯದ್ದು ಎಬಿಸಿ, ಇಎಸ್‌ಪಿಎನ್. ಎಸಿಸಿಯದ್ದು ಹೆಚ್ಚಾಗಿ ಇಎಸ್‌ಪಿಎನ್ ಬಳಗ. ಬಿಗ್ 12 ಇಎಸ್‌ಪಿಎನ್ ಮತ್ತು ಫಾಕ್ಸ್ ನಡುವೆ ಹಂಚಿದೆ. ನೋಟ್ರ ಡೇಮ್ ತವರಿನಲ್ಲಿ ಆಡಿದರೆ ಎನ್‌ಬಿಸಿ. ಸೀಸನ್ ಕೊನೆಯ ಪ್ಲೇಆಫ್, 2024ರಿಂದ ಹನ್ನೆರಡು ತಂಡಗಳದ್ದು, ಇಎಸ್‌ಪಿಎನ್ ಕೈಯಲ್ಲಿದೆ. ಆರು ವರ್ಷಕ್ಕೆ 780 ಕೋಟಿ ಡಾಲರ್.

ಹೊಸದಾಗಿ ಬಂದವರಿಗೆ ನನ್ನ ಮೊದಲ ಸಲಹೆ, ದೊಡ್ಡ ಪ್ಯಾಕೇಜು ತೆಗೆದುಕೊಳ್ಳುವ ಮುಂಚೆ ಒಂದು ಸಣ್ಣ ಆಂಟೆನಾ ತಂದು ಟಿ.ವಿ. ಹಿಂದೆ ಸಿಕ್ಕಿಸಿ. ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್ ನಾಲ್ಕೂ ಗಾಳಿಯಲ್ಲಿ ಪುಕ್ಕಟೆ ಬರುತ್ತವೆ. ಹಿಂದೆ ದೂರದರ್ಶನ ಬರುತ್ತಿದ್ದ ಹಾಗೇ. ಶನಿವಾರದ ದೊಡ್ಡ ಗೇಮುಗಳಲ್ಲಿ ಬಹಳಷ್ಟು ಅಲ್ಲೇ ಸಿಗುತ್ತವೆ.

ಸೀಸನ್ ಶುರುವಿನಲ್ಲಿ ಚಾನೆಲ್ಲು ಏಕಾಏಕಿ ಮಾಯವಾದರೆ ಗಾಬರಿಯಾಗಬೇಡಿ, ನಿಮ್ಮ ವೈಫೈ ತಪ್ಪಲ್ಲ. ಚಾನೆಲ್ಲಿನವರೂ ಕೇಬಲ್ಲಿನವರೂ ದರದ ಜಗಳಕ್ಕೆ ಫುಟ್‌ಬಾಲ್ ಕಾಲವನ್ನೇ ಆರಿಸಿಕೊಳ್ಳುತ್ತಾರೆ, ನೋಡುಗರ ಸಿಟ್ಟು ಆಗ ಹೆಚ್ಚು ಎಂದು ಇಬ್ಬರಿಗೂ ಗೊತ್ತು. ಇಎಸ್‌ಪಿಎನ್ ಒಡೆಯರಾದ ಡಿಸ್ನಿಯ ಚಾನೆಲ್ಲುಗಳು 2023ರ ಆಗಸ್ಟ್ ಕೊನೆಗೆ ಚಾರ್ಟರ್ ಕೇಬಲ್‌ನಲ್ಲಿ, 2024ರ ಸೆಪ್ಟೆಂಬರ್ 1ರಂದು ಡೈರೆಕ್‌ಟಿವಿಯಲ್ಲಿ, 2025ರ ಅಕ್ಟೋಬರ್ ಕೊನೆಯಿಂದ ಎರಡು ವಾರ ಯೂಟ್ಯೂಬ್ ಟಿ.ವಿ.ಯಲ್ಲಿ ಬಂದ್ ಆದವು. ಹಾಗಾಗಿ ವರ್ಷದ ಚಂದಾ ಒಟ್ಟಿಗೆ ಕಟ್ಟಬೇಡಿ. ತಿಂಗಳ ಲೆಕ್ಕದಲ್ಲಿರಿ, ಡಿಸೆಂಬರಿಗೆ ನಿಲ್ಲಿಸಿ. 2025ರ ಆಗಸ್ಟ್‌ನಿಂದ ಇಎಸ್‌ಪಿಎನ್ ಕೇಬಲ್ ಇಲ್ಲದೆಯೂ ನೇರವಾಗಿ ಸಿಗುತ್ತಿದೆ.

ಮಕ್ಕಳು ಆಡುವವರಾದರೆ

ಫುಟ್‌ಬಾಲ್ ತಂಡ ಹೊರಗೆ ಆಡುವುದು ಸೀಸನ್ನಿಗೆ ಐದಾರು ಸಲ, ಬಾಡಿಗೆ ವಿಮಾನದಲ್ಲಿ, ಶನಿವಾರ. ಅದರ ಟಿ.ವಿ. ಹಣಕ್ಕಾಗಿ ಕಾನ್ಫರೆನ್ಸ್ ಬದಲಾದಾಗ ವಾಲಿಬಾಲ್, ಸಾಕರ್, ಸಾಫ್ಟ್‌ಬಾಲ್ ಆಡುವ ಮಕ್ಕಳೂ ಅದೇ ಕಾನ್ಫರೆನ್ಸಿಗೆ ಹೋಗಬೇಕಾಗುತ್ತದೆ. ಅವರ ಪಂದ್ಯಗಳು ಹೆಚ್ಚು, ವಾರದ ನಡುವೆಯೂ ಬರುತ್ತವೆ. ಲಾಸ್ ಏಂಜಲೀಸಿನ ಹುಡುಗಿ ನ್ಯೂಜೆರ್ಸಿಗೆ ಹೋಗಿ ಆಡಿ ಬರಬೇಕು. ಮೂರು ಗಂಟೆ ಗಡಿಯಾರ ಮುಂದೆ, ಮೂರು ಗಂಟೆ ಹಿಂದೆ. ಮರುದಿನ ಕೆಮಿಸ್ಟ್ರಿ ಪರೀಕ್ಷೆ ಇರಬಹುದು. ಈ ಮಕ್ಕಳ ಆಟಕ್ಕೆ ಟಿ.ವಿ.ಯವರು ಕೊಡುವುದು ಬಹಳ ಕಡಿಮೆ, ದೂರದ ಭಾರ ಹೊರುವವರು ಮಾತ್ರ ಅವರೇ. ಇಡೀ ವ್ಯವಸ್ಥೆಯಲ್ಲಿ ನಾನು ಒಪ್ಪಲಾರದ ಅನ್ಯಾಯ ಇದು. ಫುಟ್‌ಬಾಲನ್ನು ಬೇರೆ ಮಾಡಿ, ಉಳಿದ ಆಟಗಳನ್ನು ಹಳೆಯ ನೆರೆಹೊರೆಯ ಕೂಟಕ್ಕೆ ಮರಳಿಸಬೇಕು ಎಂದು ಹೇಳುವವರ ಪರ ನಾನು.

ಹಣದಲ್ಲಿ ಆಟಗಾರರಿಗೆ ಪಾಲು ಸಿಗಲು ಬಹಳ ತಡವಾಯಿತು. 2021ರ ಜುಲೈನಿಂದ ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಗಳಿಸಲು ಅವಕಾಶವಾಯಿತು. 2025ರ ಜೂನ್‌ನಲ್ಲಿ ಫೆಡರಲ್ ಕೋರ್ಟ್ ಒಪ್ಪಿದ ರಾಜಿಯಂತೆ, 2025–26ರಲ್ಲಿ ಒಂದೊಂದು ಯೂನಿವರ್ಸಿಟಿ ತನ್ನ ಆಟಗಾರರಿಗೆ ನೇರವಾಗಿ ಸುಮಾರು 2.05 ಕೋಟಿ ಡಾಲರ್‌ವರೆಗೆ ಹಂಚಬಹುದು. ನಿಮ್ಮ ಮಗನೋ ಮಗಳೋ ಎಫ್-1 ವೀಸಾದಲ್ಲಿದ್ದರೆ ಒಂದು ಎಚ್ಚರಿಕೆ: ಆ ವೀಸಾದಲ್ಲಿ ದುಡಿಮೆಗೆ ಕಟ್ಟುನಿಟ್ಟಾದ ಮಿತಿಯಿದೆ. ಇಂಥ ಹಣಕ್ಕೆ ಸಹಿ ಹಾಕುವ ಮುಂಚೆ ಇಮಿಗ್ರೇಷನ್ ವಕೀಲರನ್ನು ಕೇಳಲೇಬೇಕು. ತಂಡದ ಬೇರೆಯವರು ತೆಗೆದುಕೊಂಡರು ಎಂದು ತೆಗೆದುಕೊಳ್ಳಬೇಡಿ.

ಕಾಲೇಜು ಆರಿಸುವಾಗ ಕೆಲವು ತಾರೀಕು ನೆನಪಿಡಿ. ಬಿಗ್ ಟೆನ್ ಒಪ್ಪಂದ 2030ಕ್ಕೆ ಮುಗಿಯುತ್ತದೆ, ಬಿಗ್ 12ರದ್ದು 2031ಕ್ಕೆ, ಪ್ಲೇಆಫ್‌ದು ಅದರ ಮರುವರ್ಷ. ಎಸಿಸಿಯ ಹಕ್ಕು ಒಪ್ಪಿಸುವ ಕರಾರು 2036ರವರೆಗೆ ಇದೆ. ಆದರೆ ಫ್ಲಾರಿಡಾ ಸ್ಟೇಟ್ ಮತ್ತು ಕ್ಲೆಮ್ಸನ್ ದಾವೆ ಹೂಡಿದ ಮೇಲೆ 2025ರ ಮಾರ್ಚ್‌ನಲ್ಲಿ ಆದ ರಾಜಿಯಲ್ಲಿ, ಬಿಟ್ಟುಹೋಗುವ ದಂಡ ವರ್ಷವರ್ಷ ಇಳಿದು 2030–31ರ ಹೊತ್ತಿಗೆ 7.5 ಕೋಟಿ ಡಾಲರ್ ಆಗುತ್ತದೆ. ಎಲ್ಲ ಗಂಟುಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಿಚ್ಚುತ್ತವೆ. ಮುಂದಿನ ದೊಡ್ಡ ವಲಸೆ ಆಗಲೇ ಆಗಬಹುದು ಎಂಬುದು ನನ್ನ ಅಂದಾಜು. ಈಗ ಹೈಸ್ಕೂಲಿನಲ್ಲಿರುವ ಮಕ್ಕಳು ಆಗ ಕಾಲೇಜಿನ ನಡುವೆ ಇರುತ್ತಾರೆ.

ಕೋಚ್ ಮನೆಗೆ ಬಂದೋ ಕ್ಯಾಂಪಸ್ಸಿಗೆ ಕರೆದೋ ಮಾತಾಡಿದಾಗ ಸ್ಕಾಲರ್‌ಶಿಪ್ ಎಷ್ಟು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಕಳೆದ ಸೀಸನ್ನಿನಲ್ಲಿ ತಂಡ ಎಷ್ಟು ದಿನ ಊರ ಹೊರಗಿತ್ತು, ಎಷ್ಟು ತರಗತಿ ತಪ್ಪಿತು, ವಾಪಸ್ ಬರುವ ವಿಮಾನ ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಇಳಿಯುತ್ತದೆ, ಕಾನ್ಫರೆನ್ಸ್ ಬದಲಾದರೆ ಈ ತಂಡವನ್ನು ಉಳಿಸಿಕೊಳ್ಳುತ್ತೀರಾ ಎಂದು ಕೇಳಿ. ಸಾಧ್ಯವಾದರೆ ತಂಡದಲ್ಲಿ ಈಗ ಆಡುತ್ತಿರುವ ಮೂರನೇ ವರ್ಷದ ಹುಡುಗಿಯೊಬ್ಬಳ ಜೊತೆ ನಿಮ್ಮ ಮಗಳನ್ನು ಅರ್ಧ ಗಂಟೆ ಕೂರಿಸಿ, ನೀವು ಹೊರಗಿರಿ.